ಬೆರಳಿಗೆ ಸಿಕ್ಕ ಗಂಟು, ಬಾಚಣಿಗೆಗೆ ಸಿಕ್ಕ ಕೂದಲು

ತಲೆಯ ಮೇಲಿನ ಗಂಟು ಮೊದಲು ಗೊತ್ತಾಗುವುದು ಬಹುಪಾಲು ಬೇರೆಯವರ ಕೈಗೆ. ಎಣ್ಣೆ ಹಚ್ಚುತ್ತಿದ್ದ ಅಮ್ಮನ ಬೆರಳು ಒಂದು ಕಡೆ ತಟ್ಟನೆ ನಿಲ್ಲುತ್ತದೆ. ಕಟಿಂಗ್ ಶಾಪಿನಲ್ಲಿ ಕತ್ತರಿ ಆಡಿಸುತ್ತಿದ್ದವರು ‘ಇಲ್ಲೊಂದು ಗಂಟಿದೆಯಲ್ಲ ಸಾರ್, ನೋವಿದೆಯಾ?’ ಎಂದು ಕೇಳುತ್ತಾರೆ. ತಿರುಪತಿಯಲ್ಲೋ ಧರ್ಮಸ್ಥಳದಲ್ಲೋ ಮುಡಿ ಕೊಟ್ಟು ಬಂದವರ ನೆತ್ತಿಯಲ್ಲಿ, ಎಷ್ಟೋ ವರ್ಷ ಕೂದಲ ಮರೆಯಲ್ಲಿದ್ದ ಗೋಲಿ ಗಾತ್ರದ ಉಬ್ಬು ಮನೆಮಂದಿಗೆಲ್ಲ ಕಾಣಿಸುತ್ತದೆ.

ಅಲ್ಲಿಂದ ಭಯ ಶುರು. ತಲೆಯಲ್ಲಿ ಗಡ್ಡೆ ಎಂದೊಡನೆ ಮನಸ್ಸು ನೇರವಾಗಿ ಮಿದುಳಿಗೆ ಹೋಗುತ್ತದೆ. ಆದರೆ ನೆತ್ತಿಯ ಹೊದಿಕೆ ಐದು ಪದರಗಳದ್ದು. ಅದರ ಕೆಳಗೆ ತಲೆಬುರುಡೆ, ಅದರ ಒಳಗೆ ಮಿದುಳು. ಬೆರಳಿಗೆ ಸಿಕ್ಕಿ ಅತ್ತಿತ್ತ ಜಾರುವ ಗಂಟು ಸಾಮಾನ್ಯವಾಗಿ ಆ ಮೇಲಿನ ಪದರಗಳಲ್ಲೇ ಇರುತ್ತದೆ. ದೊಡ್ಡವರ ತಲೆಯಲ್ಲಿ ಕಾಣುವ ಇಂಥ ಗಂಟುಗಳಲ್ಲಿ ಹೆಚ್ಚಿನವು ಅಪಾಯವಿಲ್ಲದವು. ಕ್ಯಾನ್ಸರಿಗೂ ಅವಕ್ಕೂ ಸಂಬಂಧವಿಲ್ಲ.

ಇವುಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದಕ್ಕೆ ವೈದ್ಯರು ಪೈಲಾರ್ ಸಿಸ್ಟ್ ಎನ್ನುತ್ತಾರೆ. ನುಣುಪಾದ, ಗಟ್ಟಿಯಾದ, ಗುಂಡಗಿನ ಚೀಲ. ಬಟಾಣಿಯಷ್ಟಿರಬಹುದು, ನಿಂಬೆಹಣ್ಣಿನಷ್ಟೂ ಆಗಬಹುದು. ಒಂದೇ ಇರಬಹುದು, ನಾಲ್ಕೈದು ಒಟ್ಟಿಗೇ ಇರಬಹುದು. ಈ ಬಗೆಯ ಗಂಟುಗಳಲ್ಲಿ ಶೇ 90ರಷ್ಟು ಬರುವುದು ತಲೆಯ ಚರ್ಮದಲ್ಲೇ. ಹಳೆಯ ರೂಢಿಯಲ್ಲಿ ಅನೇಕ ಚೀಟಿಗಳಲ್ಲಿ ಇದನ್ನು ‘ಸೆಬೇಶಿಯಸ್ ಸಿಸ್ಟ್’ ಎಂದೇ ಬರೆಯುತ್ತಾರೆ, ಎಣ್ಣೆಗ್ರಂಥಿ ಕಟ್ಟಿಕೊಂಡು ಆದ ಗಂಟು ಎಂಬ ಅರ್ಥದಲ್ಲಿ. ಅದು ತಪ್ಪು ಹೆಸರು. ಇದು ಹುಟ್ಟುವುದು ಕೂದಲ ಬುಡವನ್ನು ಸುತ್ತುವರಿದ ಹೊರಗವಚದಿಂದ, ಒಳಗೆ ತುಂಬಿಕೊಂಡಿರುವುದು ಕೆರಾಟಿನ್. ಕೂದಲು, ಉಗುರು ಯಾವುದರಿಂದ ಆಗಿವೆಯೋ ಅದೇ ಪದಾರ್ಥ, ಇಲ್ಲಿ ಹೊರಬರಲು ದಾರಿಯಿಲ್ಲದೆ ಚೀಲದೊಳಗೆ ಪದರಪದರವಾಗಿ ಶೇಖರವಾಗುತ್ತದೆ. ಹಾಗಾಗಿ ಎಣ್ಣೆ ಹೆಚ್ಚು ಹಚ್ಚಿದ್ದರಿಂದಲೋ ತಲೆ ಸರಿಯಾಗಿ ತೊಳೆಯದಿದ್ದರಿಂದಲೋ ಇದು ಬರುವುದಿಲ್ಲ. ಅಮ್ಮನಿಗಿತ್ತು, ದೊಡ್ಡಮ್ಮನಿಗಿತ್ತು, ಈಗ ಮಗಳಿಗೂ ಬಂದಿದೆ ಎಂಬ ಮಾತು ಇಂಥ ಮನೆಗಳಲ್ಲಿ ಕೇಳಿಬರುವುದು ಸಹಜ. ಬಹಳ ಕುಟುಂಬಗಳಲ್ಲಿ ಇದು ವಂಶಪಾರಂಪರ್ಯವಾಗಿ ಇಳಿಯುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ತುಸು ಹೆಚ್ಚು.

ಇಂಗ್ಲೆಂಡಿನ ದೊರೆ ನಾಲ್ಕನೇ ಜಾರ್ಜನ ತಲೆಯಲ್ಲೂ ಇಂಥದೊಂದು ಗಂಟಿತ್ತು. ಅದನ್ನು ತೆಗೆಯುವ ಹೊಣೆ ಬಂದದ್ದು ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಹೆಗಲಿಗೆ. ಆಗಿನ್ನೂ ಅರಿವಳಿಕೆ ಬಂದಿರಲಿಲ್ಲ, ಗಾಯ ಏಕೆ ಕೀವಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನೆತ್ತಿಯ ಸಣ್ಣ ಗಾಯಕ್ಕೆ ಸೋಂಕು ತಗುಲಿ ಮನುಷ್ಯ ಸತ್ತೇ ಹೋಗಬಹುದಾಗಿದ್ದ ಕಾಲ ಅದು. ರೋಗಿ ರಾಜನಾಗಿದ್ದಾಗ ಕೂಪರನ ಕೈಯಲ್ಲಿದ್ದ ಚಾಕುವಿನ ಭಾರ ಎಷ್ಟೆಂದು ಊಹಿಸಬಹುದು. ದೊರೆ ಗುಣವಾದ, ಕೂಪರನಿಗೆ 1821ರಲ್ಲಿ ಬ್ಯಾರೊನೆಟ್ ಪದವಿ ಸಿಕ್ಕಿತು. ಇಂದು ಅದೇ ಕೆಲಸ ಆ ಜಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ರೋಗಿ ಅಂದೇ ಮನೆಗೆ ಹೋಗುತ್ತಾನೆ. ಮುಖ್ಯವಾದ ಸಂಗತಿ ಒಂದೇ: ಚೀಲ ಪೂರ್ತಿಯಾಗಿ, ಸಿಪ್ಪೆ ಸಮೇತ ಬರಬೇಕು. ಚುಚ್ಚಿ ಹಿಂಡಿ ಒಳಗಿನದನ್ನು ತೆಗೆದರೆ ಗಂಟು ಇಳಿದಂತೆ ಕಾಣುತ್ತದೆ. ಆದರೆ ಕೆರಾಟಿನ್ ಮಾಡುವ ಗೋಡೆ ಒಳಗೇ ಉಳಿದಿರುವುದರಿಂದ ಮತ್ತೆ ತುಂಬಿಕೊಳ್ಳುತ್ತದೆ. ನೋವಿಲ್ಲದೆ, ಬೆಳೆಯದೆ ಇರುವ ಗಂಟನ್ನು ಹಾಗೆಯೇ ಬಿಟ್ಟರೂ ತೊಂದರೆಯಿಲ್ಲ. ಬಾಚಣಿಗೆ ತಾಗಿ ತಾಗಿ ಗಾಯವಾಗುತ್ತಿದ್ದರೆ, ಹೆಲ್ಮೆಟ್ ಒತ್ತುತ್ತಿದ್ದರೆ ತೆಗೆಸುವುದು ಲೇಸು.

ಉಳಿದ ಗಂಟುಗಳೂ ಇವೆ. ಮೆತ್ತಗೆ ಹಿಟ್ಟಿನುಂಡೆಯಂತೆ ಸಿಗುವ ಕೊಬ್ಬಿನ ಗಂಟು, ನಡುವೆ ಕಪ್ಪು ಚುಕ್ಕಿಯಂಥ ಬಾಯಿ ಇರುವ ಎಪಿಡರ್ಮಾಯ್ಡ್ ಸಿಸ್ಟ್, ವಯಸ್ಸಾದವರಲ್ಲಿ ಮೇಣ ಅಂಟಿಸಿದಂತೆ ಕಾಣುವ ಕಂದು ಮಚ್ಚೆ, ನರೂಲಿ. ಇವು ಯಾವುವೂ ಗಾಬರಿ ಬೀಳುವಂಥವಲ್ಲ. ಗಾಬರಿ ಬೀಳದಿದ್ದರೂ ತಡಮಾಡಬಾರದ ಲಕ್ಷಣಗಳು ಬೇರೆ ಇವೆ: ವಾರಗಳಲ್ಲಿ ಬೇಗ ಬೆಳೆಯುವುದು, ತಾನಾಗಿ ರಕ್ತ ಒಸರುವುದು, ಹುಣ್ಣಾಗಿ ಮಾಯದೇ ಇರುವುದು, ಕೆಳಗಿನ ಮೂಳೆಗೆ ಅಂಟಿಕೊಂಡಂತೆ ಅಲುಗದೇ ಇರುವುದು.

ಮಕ್ಕಳ ವಿಷಯ ಮಾತ್ರ ಬೇರೆ. ಹುಟ್ಟಿನಿಂದಲೂ ನೆತ್ತಿಯ ನಡುಗೆರೆಯ ಮೇಲೆ ಗಂಟಿದ್ದರೆ ಅದು ಡರ್ಮಾಯ್ಡ್ ಸಿಸ್ಟ್ ಆಗಿರಬಹುದು, ಅದರ ಬೇರು ಬುರುಡೆಯ ಸಂದಿಯೊಳಗೆ ಇಳಿದಿರಲೂಬಹುದು. ಸ್ಕ್ಯಾನ್ ಮಾಡಿ ನೋಡದೆ ಅದಕ್ಕೆ ಚಾಕು ಹಾಕಬಾರದು. ಇನ್ನೊಂದು ಗೊತ್ತಾಗುವುದು ಹೆಚ್ಚಾಗಿ ಚೌಲದ ದಿನ. ಮಗುವಿನ ಕೂದಲು ತೆಗೆದಾಗ ಒಂದು ಕಡೆ ಹಳದಿ ಮಿಶ್ರಿತ ಕಿತ್ತಳೆ ಬಣ್ಣದ, ಕೂದಲೇ ಇಲ್ಲದ ನುಣುಪು ಪಟ್ಟೆ ಕಾಣುತ್ತದೆ. ‘ಕತ್ತಿ ತಾಗಿತೇನೋ’ ಎಂದು ಮನೆಯವರು ಕ್ಷೌರ ಮಾಡಿದವರ ಮೇಲೆ ಸಿಟ್ಟಾಗುತ್ತಾರೆ. ನಿಜದಲ್ಲಿ ಅದು ಹುಟ್ಟಿನಿಂದ ಬಂದದ್ದು. 1895ರಲ್ಲಿ ಯೋಸೆಫ್ ಯಾಡಸೋನ್ ಎಂಬ ಚರ್ಮವೈದ್ಯ ವಿವರಿಸಿದ ಕಾರಣ ಅವನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಹರೆಯ ಬಂದಾಗ ಹಾರ್ಮೋನುಗಳ ಪ್ರಭಾವದಿಂದ ಆ ಪಟ್ಟೆ ದಪ್ಪಗಾಗಿ ಗಂಟುಗಂಟಾಗುತ್ತದೆ. ದೊಡ್ಡವರಾದ ಮೇಲೆ ಅದರೊಳಗೆ ಬೇರೆ ಗಂಟುಗಳು ಹುಟ್ಟುವುದುಂಟು. ಅವೂ ಬಹುಪಾಲು ನಿರಪಾಯಕಾರಿ. ಆ ಜಾಗದಲ್ಲಿ ಕೂದಲು ಬೆಳೆಯಲು ಎಣ್ಣೆ, ಸೊಪ್ಪು, ಲೇಪ ಎಂದು ವರ್ಷಗಟ್ಟಲೆ ಒದ್ದಾಡುವ ತಾಯ್ತಂದೆಯರಿಗೆ ಯಾರಾದರೂ ಮೊದಲೇ ಹೇಳಬೇಕಾದ ಮಾತೆಂದರೆ, ಅಲ್ಲಿ ಬೆಳೆಯಬಲ್ಲ ಕೂದಲ ಬುಡವೇ ರೂಪುಗೊಂಡಿಲ್ಲ.

ಗಂಟು ಮತ್ತು ಕೂದಲು ಉದುರುವುದು ಹೀಗೆ ಒಂದೇ ಜಾಗದಲ್ಲಿ ಸೇರಿದಾಗ ರೋಗಪತ್ತೆಯ ನಿಜವಾದ ಪರೀಕ್ಷೆ ಶುರುವಾಗುತ್ತದೆ. ದೊಡ್ಡ ಸಿಸ್ಟಿನ ಮೇಲಿನ ಚರ್ಮ ಹಿಗ್ಗಿ ಅಲ್ಲಿ ಕೂದಲು ವಿರಳವಾಗುವುದು ಸರಳ ಸಂಗತಿ. ಕಷ್ಟದ್ದು ಶಾಲೆಗೆ ಹೋಗುವ ಮಕ್ಕಳಲ್ಲಿ ಬರುವ ಹುಳುಕಡ್ಡಿ. ಅದೇ ಶಿಲೀಂಧ್ರ ಕೆಲವು ಮಕ್ಕಳ ತಲೆಯಲ್ಲಿ ಕೆರಳಿ, ಕೀವು ಸೋರುವ ಮೆತ್ತನೆಯ ದೊಡ್ಡ ಬಾವು ಆಗುತ್ತದೆ. ಕೂದಲು ಸಲೀಸಾಗಿ ಕಿತ್ತುಬರುತ್ತದೆ. ನೋಡಿದವರಿಗೆ ಅದು ಕುರು. ಕೊಯ್ದು ಕೀವು ತೆಗೆಯಲು ಹೋಗುತ್ತಾರೆ, ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ಕೊಡುತ್ತಾರೆ, ಬಾವು ಇಳಿಯುವುದಿಲ್ಲ. ಬೇಕಾದದ್ದು ಹಲವು ವಾರ ಬಾಯಿಂದ ತೆಗೆದುಕೊಳ್ಳುವ ಶಿಲೀಂಧ್ರನಾಶಕ. ಮುಲಾಮು ಕೂದಲ ಬುಡದೊಳಗೆ ಇಳಿಯುವುದಿಲ್ಲ. ತಡವಾದರೆ ಆ ಜಾಗ ಕಲೆಗಟ್ಟಿ ಶಾಶ್ವತವಾಗಿ ಬೋಳಾಗುತ್ತದೆ. ಬೇರಿನ ಸಮೇತ ಒಂದು ಕೂದಲನ್ನು ಕಿತ್ತು ಸೂಕ್ಷ್ಮದರ್ಶಕದಡಿ ನೋಡಿದ್ದರೆ ತಪ್ಪಿಸಬಹುದಾಗಿದ್ದ ನಷ್ಟ ಅದು.

ಇನ್ನೊಂದು ಹುಡುಗರದ್ದು. ಕತ್ತಿನ ಹಿಂದೆ, ಕೂದಲು ಮುಗಿಯುವ ಗೆರೆಯಲ್ಲಿ, ಗಟ್ಟಿಯಾದ ಸಣ್ಣ ಗುಳ್ಳೆಗಳ ಸಾಲು. ಮೆಷಿನ್ ಹಾಕಿ ತೀರಾ ಬುಡಕ್ಕೆ ಕತ್ತರಿಸಿದಷ್ಟೂ, ಬ್ಲೇಡಿನಲ್ಲಿ ಗೆರೆ ತಿದ್ದಿಸಿದಷ್ಟೂ ಅವು ಹೆಚ್ಚುತ್ತವೆ, ಕೂಡಿಕೊಂಡು ಕಲೆಯ ದಿಂಡಾಗುತ್ತವೆ, ಮೇಲೆ ಕೂದಲು ಬರುವುದಿಲ್ಲ. ಮೊಡವೆ ಎಂದು ಹಿಸುಕುವುದನ್ನು ಬಿಟ್ಟು ಮೊದಲು ಆ ಬ್ಲೇಡನ್ನು ನಿಲ್ಲಿಸಬೇಕು.

ಗಂಟಿಲ್ಲದೆ ಬರೀ ಕೂದಲು ಉದುರುವವರ ಸಂಖ್ಯೆ ಇವರೆಲ್ಲರಿಗಿಂತ ಎಷ್ಟೋ ಪಟ್ಟು ದೊಡ್ಡದು. ಅವರು ಹೇಳುವ ಮೊದಲ ವಾಕ್ಯ ‘ಬೇರು ಸಮೇತ ಬರ್ತಿದೆ ಡಾಕ್ಟ್ರೇ’ ಎಂಬುದು. ಬಚ್ಚಲಲ್ಲಿ ಸಿಕ್ಕ ಕೂದಲ ತುದಿಯ ಬಿಳಿ ಗುಂಡನ್ನು ತೋರಿಸುತ್ತಾರೆ. ಆ ಗುಂಡು ಬೇರಲ್ಲ. ವಿಶ್ರಾಂತಿಯ ಅವಧಿ ಮುಗಿಸಿ ತಾನಾಗಿ ಕಳಚಿಕೊಂಡ ಕೂದಲ ತುದಿ ಹಾಗೆಯೇ ಇರುತ್ತದೆ. ಹೊಸ ಕೂದಲನ್ನು ಕೊಡುವ ಬುಡ ಚರ್ಮದೊಳಗೇ ಇದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಪ್ರತಿಯೊಂದೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ಸುಮ್ಮನಿದ್ದು, ಉದುರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೋಗುವುದು ಆರೋಗ್ಯವಂತರ ಲೆಕ್ಕ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ವಾರದ ಬಾಕಿಯೆಲ್ಲ ಒಂದೇ ದಿನ ಕಾಣುವುದರಿಂದ ಎದೆ ಧಸಕ್ಕೆನ್ನುತ್ತದೆ.

ಜೋರು ಜ್ವರ, ಹೆರಿಗೆ, ದೊಡ್ಡ ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇವು ಏಕಕಾಲಕ್ಕೆ ಬಹಳಷ್ಟು ಕೂದಲನ್ನು ಬೆಳವಣಿಗೆಯಿಂದ ವಿಶ್ರಾಂತಿಗೆ ತಳ್ಳುತ್ತವೆ. ಆ ಕೂದಲು ಉದುರುವುದು ಮಾತ್ರ ಎರಡು ಮೂರು ತಿಂಗಳ ನಂತರ. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ 1961ರಲ್ಲಿ ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಎಂಬ ಹೆಸರು ಕೊಟ್ಟರು. ಡೆಂಗಿಯೋ ಟೈಫಾಯ್ಡೋ ಬಂದುಹೋದದ್ದು ಮರೆತೇ ಹೋಗಿರುತ್ತದೆ. ಉದುರುವಾಗ ಕಣ್ಣಿಗೆ ಬೀಳುವುದು ಮೊನ್ನೆ ಬದಲಿಸಿದ ಶಾಂಪೂ. ನಮ್ಮ ಕೆಲವು ಮನೆಗಳ ಅಜ್ಜಿಯರು ಬಾಣಂತಿಗೆ, ‘ಮಗು ಮುಖ ನೋಡಿ ನಗೋಕೆ ಶುರು ಮಾಡಿದ್ರೆ ತಾಯಿ ಕೂದಲು ಉದುರುತ್ತೆ’ ಎನ್ನುತ್ತಾರೆ. ಕಾರಣ ಮಗುವಿನ ನಗೆಯಲ್ಲ, ಆದರೆ ಕಾಲದ ಲೆಕ್ಕ ಎಷ್ಟು ಸರಿಯಾಗಿದೆ! ಮಗು ಗುರುತು ಹಿಡಿದು ನಗುವುದೂ ಎರಡು ಮೂರು ತಿಂಗಳಿಗೇ. ಆ ಮಾತಿನಲ್ಲಿರುವ ಸಮಾಧಾನವೂ ಸರಿಯಾದದ್ದು: ಇದು ಬರುವಂಥದ್ದೇ, ಕೆಲವು ತಿಂಗಳಲ್ಲಿ ತಾನಾಗಿ ಹೋಗುವಂಥದ್ದು.

ಹೀಗಾಗಿ ಒಳ್ಳೆಯ ವೈದ್ಯರು ತಲೆ ನೋಡುವುದಕ್ಕೆ ಮೊದಲು ಕ್ಯಾಲೆಂಡರ್ ಕೇಳುತ್ತಾರೆ. ಉದುರುತ್ತಿದೆಯೋ, ತೆಳ್ಳಗಾಗುತ್ತಿದೆಯೋ, ಅರ್ಧಕ್ಕೆ ತುಂಡಾಗುತ್ತಿದೆಯೋ ಎಂದು ಬಿಡಿಸಿ ಕೇಳುತ್ತಾರೆ. ಈ ಮೂರನ್ನೂ ಕನ್ನಡದಲ್ಲಿ ‘ಕೂದಲು ಉದುರುತ್ತೆ’ ಎಂದೇ ಹೇಳುವುದರಿಂದ ಗೊಂದಲ ಅಲ್ಲೇ ಹುಟ್ಟುತ್ತದೆ. ಆಮೇಲೆ ಬೈತಲೆ ತೆಗೆದು ನೋಡುತ್ತಾರೆ. ನೆತ್ತಿಯಲ್ಲಿ ಬೈತಲೆ ಅಗಲವಾಗಿ ಹಿಂಭಾಗದಲ್ಲಿ ಕಿರಿದಾಗಿಯೇ ಇದ್ದರೆ ಒಂದು ಅರ್ಥ. ಎಲ್ಲ ಕಡೆ ಒಂದೇ ಸಮನೆ ವಿರಳವಾಗಿದ್ದರೆ ಇನ್ನೊಂದು. ಐವತ್ತು ಅರವತ್ತು ಕೂದಲನ್ನು ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ ಎಷ್ಟು ಬರುತ್ತದೆ ಎಂದು ಎಣಿಸುತ್ತಾರೆ. ಡರ್ಮೋಸ್ಕೋಪ್ ಎಂಬ ಕೈಯಲ್ಲಿ ಹಿಡಿಯುವ ಭೂತಗನ್ನಡಿಯನ್ನು ನೆತ್ತಿಗಿಟ್ಟರೆ ಬರಿಗಣ್ಣಿಗೆ ಕಾಣದ್ದು ಕಾಣುತ್ತದೆ: ದಪ್ಪ ಕೂದಲ ಪಕ್ಕದಲ್ಲೇ ನೂಲಿನಂತೆ ಸಣ್ಣಗಾದ ಕೂದಲು, ಬುಡದಲ್ಲಿ ಸಪೂರವಾಗಿ ತುದಿಯಲ್ಲಿ ದಪ್ಪಗಿರುವ ಆಶ್ಚರ್ಯಸೂಚಕ ಚಿಹ್ನೆಯಂಥ ಕೂದಲು, ಖಾಲಿಯಾದ ರಂಧ್ರಗಳು. ಪರೀಕ್ಷೆಗೆ ಹೋಗುವ ದಿನ ಎಣ್ಣೆ, ಬಣ್ಣ ಹಚ್ಚದೆ ಹೋದರೆ ಇದೆಲ್ಲ ಸ್ಪಷ್ಟ.

ಗಂಡಸರ ಬೊಕ್ಕತಲೆಯ ಕಾರಣ ಪತ್ತೆಯಾದ ಬಗೆ ಸ್ವಾರಸ್ಯವಾದದ್ದು. 1942ರಲ್ಲಿ ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್, ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡ ಗಂಡಸರಿಗೆ ಬೋಳು ಬರುವುದಿಲ್ಲ ಎಂದು ತೋರಿಸಿದರು. ಅಂಥವರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ, ವಂಶದಲ್ಲಿ ಬೋಳು ಇದ್ದವರ ಹಣೆ ಹಿಂದೆ ಸರಿಯತೊಡಗಿತು, ಇಲ್ಲದವರದ್ದು ಸರಿಯಲಿಲ್ಲ. ಹಾರ್ಮೋನ್ ಮತ್ತು ಆನುವಂಶಿಕತೆ ಎರಡೂ ಕೂಡಬೇಕು ಎಂಬುದು ಅಲ್ಲಿಗೆ ಖಚಿತವಾಯಿತು. 1974ರಲ್ಲಿ ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳ ಅಧ್ಯಯನ, ಟೆಸ್ಟೊಸ್ಟೆರಾನನ್ನು ಡಿಎಚ್‌ಟಿ ಎಂಬ ರೂಪಕ್ಕೆ ಬದಲಿಸುವ ಕಿಣ್ವ ಹುಟ್ಟಿನಿಂದಲೇ ಕೊರತೆಯಾಗಿದ್ದ ಗಂಡಸರನ್ನು ಪರಿಚಯಿಸಿತು. ಅವರಿಗೂ ಬೊಕ್ಕತಲೆ ಇರಲಿಲ್ಲ. ಆ ಕಿಣ್ವವನ್ನೇ ತಡೆಯುವ ಫಿನಾಸ್ಟರೈಡ್ ಮಾತ್ರೆಗೆ 1997ರಲ್ಲಿ ಅಮೆರಿಕದಲ್ಲಿ ಬೋಳು ತಡೆಯಲು ಅನುಮತಿ ಸಿಕ್ಕಿತು. ಮಿನಾಕ್ಸಿಡಿಲ್ ಬಂದದ್ದು ಬೇರೆ ದಾರಿಯಿಂದ. ರಕ್ತದೊತ್ತಡಕ್ಕೆ ಕೊಟ್ಟ ಮಾತ್ರೆ ರೋಗಿಗಳ ಮೈಮೇಲೆಲ್ಲ ಕೂದಲು ಬೆಳೆಸಿದ್ದನ್ನು ಕಂಡು, ಅದನ್ನು ನೆತ್ತಿಗೆ ಹಚ್ಚುವ ದ್ರವ ಮಾಡಿದರು. ಎರಡೂ ಬಳಸುವಷ್ಟು ಕಾಲ ಮಾತ್ರ ಕೆಲಸ ಮಾಡುತ್ತವೆ. ಹೆಲ್ಮೆಟ್ ಹಾಕಿದ್ದಕ್ಕೆ ಬೋಳಾಯಿತು ಎನ್ನುವವರು ತಂದೆಯ, ಸೋದರಮಾವನ ತಲೆಯನ್ನೊಮ್ಮೆ ನೋಡಬೇಕು. ಹಾಗೆಂದು ನೋವು ಸಣ್ಣದಲ್ಲ. ರಾಜ್ ಬಿ. ಶೆಟ್ಟಿ 2017ರಲ್ಲಿ ‘ಒಂದು ಮೊಟ್ಟೆಯ ಕಥೆ’ ಮಾಡಿದಾಗ, ಹೆಣ್ಣು ನೋಡಲು ಹೋದಲ್ಲೆಲ್ಲ ತಲೆ ತಗ್ಗಿಸುವ ಆ ಕನ್ನಡ ಮೇಷ್ಟರಲ್ಲಿ ತಮ್ಮನ್ನೇ ಕಂಡ ಪ್ರೇಕ್ಷಕರು ಎಷ್ಟೋ ಮಂದಿ.

ನಾಣ್ಯದಷ್ಟು ಅಗಲಕ್ಕೆ ನುಣ್ಣಗೆ ಬೋಳಾದರೆ ಊರಲ್ಲಿ ‘ಹುಳ ತಿಂದಿದೆ’ ಎನ್ನುತ್ತಾರೆ. ಬೆಳ್ಳುಳ್ಳಿ ಉಜ್ಜುವುದು, ಗುಲಗಂಜಿ ಅರೆದು ಹಚ್ಚುವುದು ಆಮೇಲಿನ ಕೆಲಸ. ಅಲ್ಲಿ ಯಾವ ಹುಳವೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ಕೂದಲ ಬುಡವನ್ನೇ ಪರಕೀಯವೆಂದು ತಿಳಿದು ದಾಳಿ ಮಾಡಿರುತ್ತದೆ. ಹೆಚ್ಚಿನವರಲ್ಲಿ ಕೂದಲು ಮರಳುತ್ತದೆ, ಮೊದಮೊದಲು ಬೆಳ್ಳಗೆ. ಮನೆಮದ್ದಿನಿಂದ ಬಂತೆಂಬ ನಂಬಿಕೆ ಅದರಿಂದಲೇ ಬೆಳೆದಿದೆ. ಗುಲಗಂಜಿಯ ವಿಷ ಎಷ್ಟು ತೀವ್ರ ಎಂಬುದನ್ನು ಬಲ್ಲವರು ಅದನ್ನು ಗಾಯವಾದ ಚರ್ಮದ ಹತ್ತಿರಕ್ಕೂ ತರುವುದಿಲ್ಲ.

ಹೆಂಗಸರಲ್ಲಿ ರಕ್ತಪರೀಕ್ಷೆ ಬಹಳ ಸಲ ಬೇಕಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ. ಕಬ್ಬಿಣದಂಶ, ಥೈರಾಯ್ಡ್, ಮುಟ್ಟು ಏರುಪೇರಾಗಿದ್ದರೆ ಅದರ ಹಾರ್ಮೋನುಗಳು, ಇಷ್ಟನ್ನು ನೋಡದೆ ಕೊಟ್ಟ ಸೀರಮ್ ದುಡ್ಡಿನ ದಂಡ. ಇಲ್ಲೇ ಒಂದು ತೊಡಕೂ ಇದೆ. ಕೂದಲಿಗೆಂದು ಅನೇಕರು ನುಂಗುವ ಬಯೋಟಿನ್ ಮಾತ್ರೆ, ಥೈರಾಯ್ಡ್ ಸೇರಿದಂತೆ ಹಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಿಸಬಲ್ಲದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ನೀಡಿತು. ಕಾರಣ ಹುಡುಕುವ ಪರೀಕ್ಷೆಯನ್ನೇ ಊಹೆಯ ಮದ್ದು ಕೆಡಿಸುತ್ತದೆ ಎಂದರೆ, ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನು ವೈದ್ಯರಿಗೆ ಹೇಳುವುದು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಬೆಂಗಳೂರಿಗೆ ಬಂದ ಮೇಲೆ ಬೋರ್ ನೀರಿನಿಂದ ಉದುರಿತು ಎಂಬ ದೂರೂ ಹಾಗೆ. ಗಡಸು ನೀರು ಕೂದಲನ್ನು ಒರಟು ಮಾಡಬಹುದು. ಬುಡವನ್ನು ಕೊಲ್ಲುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಊರು ಬಿಟ್ಟು ಬಂದವರ ನಿದ್ದೆ, ಊಟ, ವಯಸ್ಸು ಎಲ್ಲವೂ ಅದೇ ಹೊತ್ತಿಗೆ ಬದಲಾಗಿರುತ್ತವೆ.

ತಡವಾದರೆ ಮತ್ತೆ ಸಿಗದ ಕೂದಲೆಂದರೆ ಕಲೆಗಟ್ಟಿ ಉದುರುವ ಬಗೆಯದು. ಚರ್ಮದ ಲೂಪಸ್, ಲೈಕನ್ ಪ್ಲೇನೊಪೈಲಾರಿಸ್‌ನಂಥ ಕಾಯಿಲೆಗಳಲ್ಲಿ ಉರಿಯೂತ ಕೂದಲ ಬುಡವನ್ನೇ ತಿಂದು, ರಂಧ್ರವಿದ್ದ ಕಡೆ ಬರೀ ನುಣುಪು ಚರ್ಮ ಉಳಿಯುತ್ತದೆ. ನೆತ್ತಿ ಉರಿಯುವುದು, ನೋಯುವುದು, ಕೂದಲ ಸುತ್ತ ಕೆಂಪಾಗಿ ಹೊಟ್ಟು ಕಟ್ಟುವುದು ಇದರ ಮುನ್ಸೂಚನೆ. ಇಲ್ಲಿ ಬಯಾಪ್ಸಿ ಬೇಕು. ಆ ಹೆಸರಿಗೆ ಹೆದರುವವರು ಹೆಚ್ಚು. ಮಾಡುವುದು 4 ಮಿಲಿಮೀಟರಿನ ಒಂದು ತುಣುಕು ತೆಗೆದು ಹೊಲಿಗೆ ಹಾಕುವುದು, ಅಷ್ಟೇ. ತೀರಾ ಬೋಳಾದ ನಡುಭಾಗದಿಂದ ತೆಗೆದರೆ ಪ್ರಯೋಜನವಿಲ್ಲ, ಕಾಯಿಲೆ ಇನ್ನೂ ಜೀವಂತವಾಗಿರುವ ಅಂಚಿನಿಂದ ತೆಗೆಯಬೇಕು.

ಕಾರಣ ಹುಡುಕುವುದು ಎಷ್ಟು ತಾಳ್ಮೆಯ ಕೆಲಸ ಎಂಬುದನ್ನು ನೆರೆಯ ಮಹಾರಾಷ್ಟ್ರ ಈಚೆಗೆ ಕಂಡಿತು. 2024ರ ಡಿಸೆಂಬರ್ ಕೊನೆಗೆ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನ ಊರುಗಳಲ್ಲಿ ಜನರ ತಲೆ ತುರಿಸತೊಡಗಿ, ಕೈಹಾಕಿದರೆ ಹಿಡಿಹಿಡಿಯಾಗಿ ಕೂದಲು ಬಂದು, ವಾರದೊಳಗೆ ಬೋಳಾದರು. ಗಂಡಸರು, ಹೆಂಗಸರು, ಕಾಲೇಜಿಗೆ ಹೋಗುವ ಹುಡುಗಿಯರು ಎಲ್ಲರೂ ಸೇರಿ ಇನ್ನೂರಕ್ಕೂ ಹೆಚ್ಚು ಜನ. ಶಾಂಪೂ ಎಂದರು, ಬಾವಿಯ ನೀರು ಎಂದರು, ಶಿಲೀಂಧ್ರ ಎಂದರು. ಆ ಊರುಗಳ ಜತೆ ಸಂಬಂಧಕ್ಕೇ ಜನ ಹಿಂಜರಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ ಬಂದು ರಕ್ತ, ಕೂದಲು, ನೀರು, ಮಣ್ಣು, ಧಾನ್ಯ ಎಲ್ಲದರ ಮಾದರಿ ಒಯ್ಯಿತು. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ, ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ತಾವೇ ಊರೂರು ಸುತ್ತಿ ಮಾದರಿ ಸಂಗ್ರಹಿಸಿ, ಪಡಿತರ ಗೋಧಿಯಲ್ಲೂ ಜನರ ರಕ್ತ, ಮೂತ್ರ, ಕೂದಲಲ್ಲೂ ಸೆಲೆನಿಯಂ ವಿಪರೀತವಾಗಿದೆ ಎಂದು ವರದಿ ಮಾಡಿದರು. ಅಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕೇಬೇಕಾದ ಧಾತು ಅದು, ಅತಿಯಾದರೆ ವಿಷ. ಚೀನಾದ ಹುಬೆ ಪ್ರಾಂತ್ಯದ ಎನ್‌ಶಿಯಲ್ಲಿ 1961ರಿಂದ 64ರ ನಡುವೆ, ಸೆಲೆನಿಯಂ ತುಂಬಿದ ಮಣ್ಣಿನಲ್ಲಿ ಬೆಳೆದದ್ದನ್ನು ಉಂಡ ಹಳ್ಳಿಗರು ಹೀಗೆಯೇ ಕೂದಲು ಕಳೆದುಕೊಂಡಿದ್ದರು.

ಶೇಗಾಂವ್ ಸುತ್ತಲಿನ ಬಹಳ ಜನರಿಗೆ ಕೆಲವು ವಾರಗಳಲ್ಲಿ ಕೂದಲು ಮತ್ತೆ ಚಿಗುರಿತು. ಆಮೇಲೆ 2025ರ ಏಪ್ರಿಲ್‌ನಲ್ಲಿ ಅದೇ ಊರುಗಳ ಹಲವರ ಉಗುರುಗಳು ಬಿರುಕುಬಿಟ್ಟು ಕಳಚತೊಡಗಿದವು. ಎನ್‌ಶಿಯಲ್ಲೂ ಕೂದಲ ಜತೆ ಉಗುರು ಹೋಗಿತ್ತು. ಕೂದಲಂತೆ ಉಗುರೂ ಕೆರಾಟಿನ್‌ನಿಂದ ಆದದ್ದೇ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಕೈಬೆರಳಿನ ಉಗುರು ಮೂರು ಮಿಲಿಮೀಟರ್. ಬುಡದಲ್ಲಿ ಆದ ಪೆಟ್ಟು ಬೆರಳ ತುದಿಯ ಕಡೆಗೆ ಸಾಗಿ ಕಣ್ಣಿಗೆ ಕಾಣಲು ಅಷ್ಟು ತಿಂಗಳು ಬೇಕಾಯಿತು.